ಕೂಸಿನ ಕೆಮ್ಮು, ಕೂಸಿನ ಉಸಿರು: ಓದುಗರ ಪ್ರಶ್ನೆಗಳಿಗೆ ಮಕ್ಕಳ ವೈದ್ಯರ ಉತ್ತರ

ಮಳೆಗಾಲದ ಕೊನೆಯಿಂದ ಸಂಕ್ರಾಂತಿ ಕಳೆಯುವವರೆಗೆ ದಾವಣಗೆರೆ ಮತ್ತು ಚಿತ್ರದುರ್ಗದ ಮಕ್ಕಳ ಆಸ್ಪತ್ರೆಗಳಲ್ಲಿ ಕೆಮ್ಮು, ನೆಗಡಿ, ಉಬ್ಬಸದ ಕೂಸುಗಳನ್ನು ಎತ್ತಿಕೊಂಡು ನಿಂತವರ ಸಾಲು ಕರಗುವುದೇ ಇಲ್ಲ. ಈ ತಿಂಗಳು ಅಂಕಣಕ್ಕೆ ಬಂದ ಪತ್ರಗಳಲ್ಲಿಯೂ ಹೆಚ್ಚಿನವು ಅದೇ ವಿಷಯವನ್ನು ಕುರಿತವಾಗಿದ್ದರಿಂದ, ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವುಗಳಿಗೆ ಮಾತ್ರ ಉತ್ತರಿಸುತ್ತಿದ್ದೇನೆ. ಬರೆದವರ ಹೆಸರನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ತಿಂಗಳು. ಮೊದಲು ಮೂಗು ಸೋರಿತು, ಆಮೇಲೆ ಕೆಮ್ಮು ಬಂತು, ಮೂರನೆಯ ದಿನ ಏದುಸಿರು ಬಿಡತೊಡಗಿ ಹಾಲು ಕುಡಿಯುವುದನ್ನೇ ಬಿಟ್ಟ. ದಾವಣಗೆರೆಗೆ ಕರೆತಂದು ಸೇರಿಸಿದೆವು. ಅಲ್ಲಿ ಮೂಗಿಗೆ ಆಕ್ಸಿಜನ್ ಇಟ್ಟರು, ಸಣ್ಣ ನಳಿಕೆಯಲ್ಲಿ ನನ್ನ ಹಾಲನ್ನೇ ಕೊಟ್ಟರು. ಆಂಟಿಬಯೋಟಿಕ್ ಇಂಜೆಕ್ಷನ್ ಕೊಡಲಿಲ್ಲ. ಮಗು ಗುಣವಾಗಿ ಮನೆಗೆ ಬಂದಿದೆ, ಆದರೆ ‘ಅಷ್ಟು ದಿನ ಇಟ್ಟುಕೊಂಡು ಔಷಧಿಯನ್ನೇ ಕೊಡಲಿಲ್ಲ’ ಎಂದು ಮನೆಯವರು ಸಿಟ್ಟಾಗಿದ್ದಾರೆ. ಕೆಮ್ಮು ಇನ್ನೂ ಪೂರ್ತಿ ನಿಂತಿಲ್ಲ. ನಾವು ಮೋಸ ಹೋದೆವೇ?
– ಒಬ್ಬ ತಾಯಿ, ಜಗಳೂರು

ಉತ್ತರ: ಇಲ್ಲ ತಾಯಿ, ನಿಮ್ಮ ಮಗುವಿಗೆ ಸಿಕ್ಕಿದ್ದು ಸರಿಯಾದ ಚಿಕಿತ್ಸೆ. ನೀವು ಬರೆದಿರುವ ಕ್ರಮ, ಅಂದರೆ ಮೊದಲು ನೆಗಡಿ, ಆಮೇಲೆ ಕೆಮ್ಮು, ಮೂರನೆಯ ದಿನದ ಹೊತ್ತಿಗೆ ಏದುಸಿರು, ಬ್ರಾಂಕಿಯೋಲೈಟಿಸ್ ಎಂಬ ಕಾಯಿಲೆಯದು. ಇದು ಎರಡು ವರ್ಷದೊಳಗಿನ ಮಕ್ಕಳಿಗೆ, ಅದರಲ್ಲಿಯೂ ಆರು ತಿಂಗಳೊಳಗಿನ ಕೂಸುಗಳಿಗೆ ಹೆಚ್ಚಾಗಿ ಬರುತ್ತದೆ. ಇದಕ್ಕೆ ಬಹುಪಾಲು ಕಾರಣವಾಗುವುದು ಆರ್‌ಎಸ್‌ವಿ ಎಂಬ ವೈರಸ್. 1956ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ನೆಗಡಿಯಿಂದ ಬಳಲುತ್ತಿದ್ದ ಚಿಂಪಾಂಜಿಗಳಲ್ಲಿ ಇದು ಮೊದಲು ಕಾಣಿಸಿಕೊಂಡಿತು. ಅದಾದ ಸ್ವಲ್ಪ ಸಮಯದಲ್ಲಿಯೇ ರಾಬರ್ಟ್ ಚಾನಾಕ್ ಎಂಬ ವೈದ್ಯರು, ಉಸಿರಾಟದ ತೊಂದರೆಯಿದ್ದ ಬಾಲ್ಟಿಮೋರ್ ನಗರದ ಕೂಸುಗಳಲ್ಲಿ ಅದೇ ವೈರಸ್ಸನ್ನು ಗುರುತಿಸಿದರು. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಇದು ಒಮ್ಮೆಯಾದರೂ ತಗಲುತ್ತದೆ. ಹೆಚ್ಚಿನವರಿಗೆ ಅದು ಬರೀ ನೆಗಡಿಯಾಗಿ ಬಂದು ಹೋಗುತ್ತದೆ, ಕೆಲವರಲ್ಲಿ ಮಾತ್ರ ಶ್ವಾಸಕೋಶದೊಳಗಿನ ಅತಿ ಸಣ್ಣ ಗಾಳಿನಾಳಗಳವರೆಗೆ ಇಳಿಯುತ್ತದೆ.

ಆ ನಾಳಗಳು ಕೂಸಿನಲ್ಲಿ ಎಷ್ಟು ಸಣ್ಣವೆಂದರೆ, ಒಳಗೋಡೆ ಸ್ವಲ್ಪ ಊದಿಕೊಂಡರೂ ಗಾಳಿಯ ಹಾದಿ ಮುಚ್ಚಿಹೋಗುವಷ್ಟಾಗುತ್ತದೆ. ಕೊಳವೆಯ ತ್ರಿಜ್ಯ ಅರ್ಧಕ್ಕೆ ಇಳಿದರೆ ಅದರೊಳಗಿನ ಹರಿವಿಗೆ ಒದಗುವ ಅಡ್ಡಿ 16 ಪಟ್ಟು ಹೆಚ್ಚುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ದೊಡ್ಡವರಿಗೆ ಬರೀ ಗಂಟಲು ಕೆರೆತ ತರುವ ಅದೇ ವೈರಸ್, ನಾಲ್ಕು ತಿಂಗಳ ಕೂಸಿನ ಪಕ್ಕೆಯನ್ನು ಒಳಕ್ಕೆ ಎಳೆಯುವಂತೆ ಮಾಡುವುದು ಇದರಿಂದಲೇ. ಉಸಿರಾಡುವುದಕ್ಕೇ ಶಕ್ತಿಯೆಲ್ಲ ವ್ಯಯವಾಗಿ ಹಾಲು ಚೀಪಲು ಆಗುವುದಿಲ್ಲ, ಹಾಲಿಲ್ಲದೆ ಮಗು ಇನ್ನಷ್ಟು ಸೋಲುತ್ತದೆ.

ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದೇ ಹೊರತು ವೈರಸ್ಸನ್ನು ಏನೂ ಮಾಡಲಾರದು. ಉಬ್ಬಸ ಇಳಿಸಲು ಕೊಡುವ ಸಾಲ್ಬ್ಯುಟಮಾಲ್ ಮತ್ತು ಸ್ಟೀರಾಯ್ಡ್‌ಗಳಿಂದಲೂ ಬ್ರಾಂಕಿಯೋಲೈಟಿಸ್ ಇರುವ ಕೂಸುಗಳಿಗೆ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲವೆಂದು ಪರೀಕ್ಷೆಗಳು ತೋರಿಸಿವೆ. ಮಗುವಿನ ದೇಹವೇ ವೈರಸ್ಸನ್ನು ಸೋಲಿಸುತ್ತದೆ. ಅಲ್ಲಿಯವರೆಗೆ ರಕ್ತಕ್ಕೆ ಆಮ್ಲಜನಕವೂ ಹೊಟ್ಟೆಗೆ ಹಾಲೂ ತಪ್ಪದಂತೆ ನೋಡಿಕೊಳ್ಳುವುದು ಆಸ್ಪತ್ರೆಯ ಕೆಲಸ. ನಿಮ್ಮ ಮಗುವಿನ ಮೂಗಿಗಿಟ್ಟ ಆಕ್ಸಿಜನ್ನೇ ಅವನಿಗೆ ಬೇಕಾಗಿದ್ದ ಔಷಧಿ ಎಂದು ಮನೆಯವರಿಗೆ ದಯವಿಟ್ಟು ತಿಳಿಸಿ ಹೇಳಿ. ಬೇಡದ ಇಂಜೆಕ್ಷನ್ನನ್ನು ಚುಚ್ಚದೆ, ಮನೆಯವರ ಒತ್ತಾಯಕ್ಕೆ ಮಣಿಯದೆ ನಿಂತ ಆ ವೈದ್ಯರ ಬಗ್ಗೆ ನನಗೆ ಗೌರವವಿದೆ.

ಈ ಕಾಯಿಲೆ ಸಾಮಾನ್ಯವಾಗಿ ಮೂರರಿಂದ ಐದನೆಯ ದಿನದ ನಡುವೆ ಉಲ್ಬಣಿಸಿ ಆಮೇಲೆ ಇಳಿಯುತ್ತದೆ. ಕೆಮ್ಮು ಮಾತ್ರ ಎರಡು ಮೂರು ವಾರ ಎಳೆಯಬಹುದು. ಮಗು ಚೆನ್ನಾಗಿ ಹಾಲು ಕುಡಿಯುತ್ತಿದ್ದು, ಆಟವಾಡುತ್ತಿದ್ದು, ಉಸಿರು ಸರಾಗವಾಗಿದ್ದರೆ ಉಳಿದ ಕೆಮ್ಮಿಗೆ ಏನನ್ನೂ ಕೊಡಬೇಕಾಗಿಲ್ಲ. ಇಂಥ ಮಕ್ಕಳಲ್ಲಿ ಕೆಲವರಿಗೆ ಮುಂದಿನ ವರ್ಷಗಳಲ್ಲಿ ನೆಗಡಿಯಾದಾಗಲೆಲ್ಲ ಉಬ್ಬಸ ಕಾಣಿಸುವುದುಂಟು. ಹಾಗಾದರೆ ಮುಂದೆ ನೋಡುವ ವೈದ್ಯರಿಗೆ ಈ ಬಾರಿಯ ಡಿಸ್ಚಾರ್ಜ್ ಚೀಟಿಯನ್ನು ತೋರಿಸಿ.

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ಕೆಮ್ಮಿಲ್ಲದ ಮಗುವೇ ಇಲ್ಲ. ಎಲ್ಲರನ್ನೂ ಆಸ್ಪತ್ರೆಗೆ ಕಳಿಸಲು ಆಗುವುದಿಲ್ಲ, ಯಾರನ್ನೂ ಕಳಿಸದೆ ಇರಲೂ ಭಯ. ಯಾವ ಮಗುವನ್ನು ತಡಮಾಡದೆ ಕಳಿಸಬೇಕು ಎಂದು ಖಚಿತವಾಗಿ ತಿಳಿಯುವುದು ಹೇಗೆ?
– ಆಶಾ ಕಾರ್ಯಕರ್ತೆ, ಚಳ್ಳಕೆರೆ ತಾಲ್ಲೂಕು

ಉತ್ತರ: ಈ ತಿಂಗಳ ಪತ್ರಗಳಲ್ಲಿ ಇದೇ ಬಹು ಮುಖ್ಯ ಪ್ರಶ್ನೆಯೆಂದು ನನ್ನ ಭಾವನೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಕೆಮ್ಮಿನ ಸದ್ದು, ಕಫದ ಬಣ್ಣ, ಜ್ವರದ ಏರಿಳಿತ, ಇವುಗಳಿಂದ ಅಪಾಯವನ್ನು ಅಳೆಯಲು ಹೋದರೆ ಮೋಸ ಹೋಗುತ್ತೇವೆ. ಅಳೆಯಬೇಕಾದದ್ದು ಉಸಿರನ್ನು. 1980ರ ದಶಕದ ಆರಂಭದಲ್ಲಿ ಪಾಪುವಾ ನ್ಯೂಗಿನಿಯ ಗೊರೋಕಾ ಎಂಬ ಊರಿನಲ್ಲಿದ್ದ ಡಾ. ಫ್ರಾಂಕ್ ಶಾನ್ ಅವರು, ಎಕ್ಸ್‌ರೇ ಯಂತ್ರವಿಲ್ಲದ ಕಡೆ ಆರೋಗ್ಯ ಕಾರ್ಯಕರ್ತರು ಏನನ್ನು ನೋಡಿ ನ್ಯುಮೋನಿಯಾ ಗುರುತಿಸಬಹುದು ಎಂದು ಪರಿಶೀಲಿಸಿದರು. ಮಗು ನಿಮಿಷಕ್ಕೆ ಎಷ್ಟು ಬಾರಿ ಉಸಿರಾಡುತ್ತದೆ ಮತ್ತು ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತದೆಯೇ ಎಂಬ ಎರಡು ಸಂಗತಿಗಳು ಸ್ಟೆತಾಸ್ಕೋಪಿಗಿಂತಲೂ ಚೆನ್ನಾಗಿ ದಾರಿ ತೋರಿಸುತ್ತವೆಂದು ಅವರಿಗೆ ಕಂಡುಬಂತು. ವಿಶ್ವ ಆರೋಗ್ಯ ಸಂಸ್ಥೆ ಇಂದು ಎಲ್ಲ ಬಡ ದೇಶಗಳಿಗೂ ಹೇಳಿಕೊಡುವ ವಿಧಾನ ಬೆಳೆದದ್ದು ಇಂಥ ಕೆಲಸದಿಂದ.

ನಮ್ಮ ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಈ ವಿದ್ಯೆಯನ್ನು ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ಕಲಿಸಿದರು. ಐವತ್ತರವರೆಗೆ ಎಣಿಸಲು ಬಾರದವರಿಗಾಗಿ ಡಾ. ಬಂಗ್ ಅವರು ಒಂದು ನಿಮಿಷದ ಮರಳು ಗಡಿಯಾರವನ್ನೂ ಮಣಿಗಳನ್ನೂ ಜೋಡಿಸಿ ಉಸಿರೆಣಿಕೆಯ ಸಾಧನವೊಂದನ್ನು ರೂಪಿಸಿದರು. ಹಳ್ಳಿಯವರೇ ಗುರುತಿಸಿ, ಹಳ್ಳಿಯಲ್ಲಿಯೇ ಔಷಧಿ ಆರಂಭಿಸಿದಾಗ ಮಕ್ಕಳ ಸಾವು ಗಣನೀಯವಾಗಿ ಇಳಿಯಿತೆಂಬುದನ್ನು ಅವರು 1990ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಶಾ ಕಾರ್ಯಕರ್ತೆಯರ ಕೈಯಲ್ಲಿ ಎಷ್ಟು ದೊಡ್ಡ ಶಕ್ತಿಯಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎಣಿಸುವ ಕ್ರಮ ಹೀಗಿದೆ. ಮಗು ಅಳದೆ, ಹಾಲು ಕುಡಿಯದೆ ಶಾಂತವಾಗಿ ತಾಯಿಯ ಮಡಿಲಲ್ಲಿರಲಿ. ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಅಂಗಿಯನ್ನು ಮೇಲೆತ್ತಿ, ಬೆಳಕಿನಲ್ಲಿ ಹೊಟ್ಟೆ ಅಥವಾ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎಳೆಯ ಕೂಸುಗಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲವಾದ್ದರಿಂದ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಬೇಡ. ಎರಡು ತಿಂಗಳೊಳಗಿನ ಮಗುವಿನಲ್ಲಿ 60 ಅಥವಾ ಅದಕ್ಕಿಂತ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿನಲ್ಲಿ 50 ಅಥವಾ ಹೆಚ್ಚು, ಒಂದು ವರ್ಷದಿಂದ ಐದು ವರ್ಷದೊಳಗಿನ ಮಗುವಿನಲ್ಲಿ 40 ಅಥವಾ ಹೆಚ್ಚು ಬಂದರೆ ಅದು ಏರಿದ ಉಸಿರು. ಎರಡು ತಿಂಗಳೊಳಗಿನ ಕೂಸಿನಲ್ಲಿ 60 ದಾಟಿದರೆ ಇನ್ನೊಮ್ಮೆ ಎಣಿಸಿ ಖಚಿತಪಡಿಸಿಕೊಳ್ಳಿ. ಉಸಿರು ಏರಿರುವ ಮಗುವನ್ನು ಅದೇ ದಿನ ವೈದ್ಯರು ನೋಡಬೇಕು.

ಕೆಲವು ಲಕ್ಷಣಗಳು ಕಂಡರೆ ಎಣಿಸುತ್ತ ಕೂರಬಾರದು. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು, ಉಸಿರಿನೊಂದಿಗೆ ನರಳುವುದು, ನಾಲಿಗೆ ಅಥವಾ ತುಟಿ ನೀಲಿಗಟ್ಟುವುದು, ಹಾಲು ಅಥವಾ ನೀರನ್ನು ಕುಡಿಯಲಾಗದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಫಿಟ್ಸ್ ಬರುವುದು, ಎಬ್ಬಿಸಿದರೂ ಏಳದಷ್ಟು ಮಂಪರು, ಇವುಗಳಲ್ಲಿ ಒಂದಿದ್ದರೂ ಮಗು ಆ ಗಂಟೆಯಲ್ಲಿಯೇ ಆಕ್ಸಿಜನ್ ಇರುವ ಆಸ್ಪತ್ರೆಗೆ ಹೊರಡಬೇಕು. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ, ಮೈ ತಣ್ಣಗಾದರೂ ಅದನ್ನು ಅಪಾಯವೆಂದೇ ಎಣಿಸಿ. ದಿನ ತುಂಬದೆ ಹುಟ್ಟಿದ ಮಕ್ಕಳು ಒಮ್ಮೊಮ್ಮೆ ಕೆಮ್ಮುವುದೂ ಇಲ್ಲ, ಬರೀ ಉಸಿರನ್ನೇ ಕ್ಷಣಕಾಲ ನಿಲ್ಲಿಸಿಬಿಡುತ್ತವೆ. ನಿಮ್ಮ ಹಳ್ಳಿಯಲ್ಲಿ ಅಂಥ ಕೂಸಿದ್ದರೆ ಮನೆಭೇಟಿಯ ಪಟ್ಟಿಯಲ್ಲಿ ಅದೇ ಮೊದಲಿರಲಿ.

ಪ್ರಶ್ನೆ: ಮಗಳಿಗೆ ಒಂದೂವರೆ ವರ್ಷ. ಕೆಮ್ಮು ಬಂದಾಗಲೆಲ್ಲ ಮೆಡಿಕಲ್ ಶಾಪಿನಿಂದ ಸಿರಪ್ ತರುತ್ತೇವೆ. ಹಿಂದಿನ ಸಲ ಉಳಿದ ಆಂಟಿಬಯೋಟಿಕ್ ಕೂಡ ಫ್ರಿಜ್ಜಿನಲ್ಲಿದೆ. ಅದನ್ನೇ ಮತ್ತೆ ಕೊಡಬಹುದೇ?
– ಹರಿಹರ

ಉತ್ತರ: ಎರಡೂ ಬೇಡ. ನೀರು ಬೆರೆಸಿದ ಆಂಟಿಬಯೋಟಿಕ್ ಸಿರಪ್ ಕೆಲವೇ ದಿನಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಅದಿರಲಿ, ನೆಗಡಿಗೆ ಅದು ಬೇಕಾಗಿಯೇ ಇಲ್ಲ. ಬೇಡದಾಗ ಕೊಟ್ಟ ಪ್ರತಿ ಆಂಟಿಬಯೋಟಿಕ್, ನಿಜವಾಗಿ ಬೇಕಾದ ದಿನ ಕೆಲಸ ಮಾಡದ ಸ್ಥಿತಿಯನ್ನು ಹತ್ತಿರ ತರುತ್ತದೆ.

ಕೆಮ್ಮಿನ ಸಿರಪ್ಪಿನ ವಿಷಯ ಇನ್ನೂ ಗಂಭೀರವಾದುದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಆ ಸಿರಪ್ಪಿನಲ್ಲಿ ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷವಸ್ತು ಬೆರೆತಿತ್ತು. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಮೊದಲಿದ್ದದ್ದು ತಾನಾಗಿಯೇ ವಾಸಿಯಾಗಬಹುದಾಗಿದ್ದ ನೆಗಡಿ, ಕೆಮ್ಮು, ಜ್ವರ ಎಂಬುದನ್ನು ನೆನೆದರೆ ಇಂದಿಗೂ ಮನಸ್ಸು ಕಲಕುತ್ತದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿಗಳನ್ನು ಬರೆಯಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿತು. ವಿಷ ಬೆರೆಯದ ಸಿರಪ್ ಕೂಡ ಎಳೆಯ ಮಕ್ಕಳ ಕೆಮ್ಮನ್ನು ಗುಣಪಡಿಸುವುದಿಲ್ಲ. ಮಂಪರು ತರಿಸಬಲ್ಲದು, ಆ ಮಂಪರಿನಲ್ಲಿ ಉಸಿರಿನ ತೊಂದರೆ ಮರೆಯಾಗಿಬಿಡಬಲ್ಲದು.

ಹಾಗಾದರೆ ಏನು ಮಾಡಬೇಕು? ಮೂಗು ಕಟ್ಟಿದ್ದರೆ ಉಪ್ಪುನೀರಿನ ಹನಿಗಳನ್ನು ಹಾಲು ಕುಡಿಸುವ ಮುನ್ನ ಬಿಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಮಗುವಿನ ತೂಕಕ್ಕೆ ತಕ್ಕಂತೆ, ವೈದ್ಯರು ಹೇಳಿದ ಪ್ರಮಾಣದಲ್ಲಿ. ಆಸ್ಪಿರಿನ್ ಮಕ್ಕಳಿಗೆ ಎಂದಿಗೂ ಬೇಡ. ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕುಡಿಸಿ. ನಿಮ್ಮ ಮಗಳಿಗೆ ವರ್ಷ ತುಂಬಿರುವುದರಿಂದ ಮಲಗುವ ಮುನ್ನ ಅರ್ಧ ಚಮಚ ಜೇನುತುಪ್ಪ ಕೊಡಬಹುದು. ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ನೆಕ್ಕಿಸಲೇಬಾರದು, ಅದರಿಂದ ಬಾಟುಲಿಸಮ್ ಎಂಬ ಅಪಾಯಕಾರಿ ನರದ ಕಾಯಿಲೆ ಬರಬಹುದು.

ಪ್ರಶ್ನೆ: ನಮ್ಮ ಕಾಲದಲ್ಲಿ ಕೂಸಿಗೆ ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಬಜೆ ತೇಯ್ದು ನೆಕ್ಕಿಸುತ್ತಿದ್ದೆವು. ಎದೆಗೆ ಕರ್ಪೂರದೆಣ್ಣೆ ಹಚ್ಚುತ್ತಿದ್ದೆವು. ಈಗ ಸೊಸೆ ಯಾವುದಕ್ಕೂ ಬಿಡುವುದಿಲ್ಲ. ಅಷ್ಟು ಮಕ್ಕಳನ್ನು ಸಾಕಿದ ನಮಗೇ ತಿಳಿಯದೆ?
– ಅಜ್ಜಿಯೊಬ್ಬರು, ಹೊಳಲ್ಕೆರೆ

ಉತ್ತರ: ಅಜ್ಜಿ, ಕೂಸನ್ನು ಬೆಚ್ಚಗಿಡಬೇಕು, ಎದೆಹಾಲು ತಪ್ಪಿಸಬಾರದು, ಬಾಣಂತಿಯ ಕೋಣೆಗೆ ಕಂಡವರೆಲ್ಲ ನುಗ್ಗಬಾರದು ಎಂಬ ನಿಮ್ಮ ಕಾಲದ ಕಟ್ಟುಪಾಡುಗಳನ್ನು ನಾನು ಇಂದಿನ ತಾಯಂದಿರಿಗೂ ಹೇಳುತ್ತೇನೆ. ಅವು ವೈರಸ್ಸನ್ನು ದೂರವಿಡುವ ಅತ್ಯುತ್ತಮ ಉಪಾಯಗಳೇ ಆಗಿವೆ. ಎಣ್ಣೆ ಹಚ್ಚಿ ನೀರು ಹಾಕುವುದಕ್ಕೂ ನನ್ನ ಅಡ್ಡಿಯಿಲ್ಲ, ಆ ಎಣ್ಣೆಯನ್ನು ಮೂಗಿಗೆ, ಕಿವಿಗೆ, ಬಾಯಿಗೆ ಬಿಡದಿದ್ದರೆ ಸಾಕು; ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಬೇರೆಯದೇ ಬಗೆಯ ನ್ಯುಮೋನಿಯಾ ತರಬಲ್ಲದು. ಹೊಗೆ ಮಾತ್ರ ಬೇಡ. ಸಾಂಬ್ರಾಣಿಯದಾಗಲಿ, ಅಗ್ಗಿಷ್ಟಿಕೆಯ ಕೆಂಡದ್ದಾಗಲಿ, ಮುಚ್ಚಿದ ಕೋಣೆಯ ಹೊಗೆ ಊದಿಕೊಂಡ ಗಾಳಿನಾಳಕ್ಕೆ ಎರಡನೆಯ ಪೆಟ್ಟು. ಕರ್ಪೂರವನ್ನು ಎರಡು ವರ್ಷದೊಳಗಿನ ಮಕ್ಕಳ ಎದೆಗೂ ಮೂಗಿಗೂ ಹಚ್ಚಬಾರದು, ಮಗು ಅದನ್ನು ನುಂಗಿದರೆ ಫಿಟ್ಸ್ ಬರುವ ಸಂಭವವಿದೆ. ಆರು ತಿಂಗಳವರೆಗೆ ಎದೆಹಾಲಿನ ಹೊರತು ಬಜೆಯಾಗಲಿ ನೀರಾಗಲಿ ಬೇಡ. ಬಿಸಿನೀರಿನ ಆವಿ ಹಿಡಿಸಲು ಹೋಗಿ ಪಾತ್ರೆ ಮಗುಚಿ ಮೈ ಸುಟ್ಟುಕೊಳ್ಳುವ ಮಕ್ಕಳಿದ್ದಾರೆ, ಅದೂ ಬೇಡ.

ಇದರೊಂದಿಗೆ, ನೀವು ಕೇಳದ ಒಂದು ಮಾತನ್ನು ಹೇಳಲೇಬೇಕಾಗಿದೆ. ಪಕ್ಕೆ ಸೆಳೆಯುವ ಮಗುವಿನ ಹೊಟ್ಟೆಗೆ, ಎದೆಗೆ ಬರೆ ಹಾಕಿಸುವುದು ನಮ್ಮ ಭಾಗದಲ್ಲಿ ಇನ್ನೂ ಪೂರ್ತಿ ನಿಂತಿಲ್ಲ. ಉಸಿರಿಗೆ ಹೋರಾಡುತ್ತಿರುವ ಕೂಸಿಗೆ ಸುಟ್ಟ ಗಾಯದ ನೋವು, ಅದರ ನಂಜು, ಜೊತೆಗೆ ಆಸ್ಪತ್ರೆಗೆ ಹೊರಡಬೇಕಾಗಿದ್ದ ಹೊತ್ತಿನ ನಷ್ಟ, ಇವಿಷ್ಟೂ ಸೇರಿದರೆ ಅದು ಬದುಕುವುದೇ ಕಷ್ಟ. ನಿಮ್ಮ ಓಣಿಯಲ್ಲಿ ಯಾರಾದರೂ ಹಾಗೆ ಮಾಡಲು ಹೊರಟರೆ ತಡೆಯಿರಿ. ನನ್ನ ಮಾತಿಗಿಂತ ನಿಮ್ಮ ಮಾತನ್ನು ಅವರು ಕೇಳುತ್ತಾರೆ.

ಪ್ರಶ್ನೆ: ನಮ್ಮ ಮನೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರವಿದೆ. ಮನೆಯಲ್ಲಿ ಗ್ಯಾಸ್ ಒಲೆಯೇ ಇದೆ, ಆದರೂ ಎರಡೂ ಮಕ್ಕಳಿಗೆ ಪದೇಪದೇ ಕೆಮ್ಮು. ಹೊಗೆಯಿಂದ ವೈರಸ್ ಬರುತ್ತದೆಯೇ?
– ದಾವಣಗೆರೆ

ಉತ್ತರ: ಹೊಗೆಯಿಂದ ವೈರಸ್ ಹುಟ್ಟುವುದಿಲ್ಲ. ಆದರೆ ಗಾಳಿನಾಳದ ಒಳಪದರವನ್ನು ಅದು ಕೆಡಿಸುವುದರಿಂದ, ಬಂದ ವೈರಸ್ ಆಳಕ್ಕೆ ಇಳಿಯುವುದು ಸುಲಭವಾಗುತ್ತದೆ. ಮನೆಯೊಳಗಿನ ಹೊಗೆ ಮಕ್ಕಳಲ್ಲಿ ನ್ಯುಮೋನಿಯಾದ ಅಪಾಯವನ್ನು ಸುಮಾರು ಇಮ್ಮಡಿಗೊಳಿಸುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗೆಂದು ಗ್ಯಾಸ್ ಒಲೆ ಬಂದೊಡನೆ ಎಲ್ಲವೂ ಸರಿಹೋಗುವುದಿಲ್ಲ. ತಮಿಳುನಾಡನ್ನೂ ಒಳಗೊಂಡು ನಾಲ್ಕು ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಸೌದೆಯ ಬದಲು ಗ್ಯಾಸ್ ಕೊಟ್ಟ ಮನೆಗಳಲ್ಲಿ ಹೊಗೆ ಬಹಳ ಇಳಿದರೂ, ಕೂಸುಗಳ ತೀವ್ರ ನ್ಯುಮೋನಿಯಾ ಸ್ಪಷ್ಟವಾಗಿ ಕಡಿಮೆಯಾಗಲಿಲ್ಲ. ಇಕ್ಕಟ್ಟಾದ ಮನೆ, ಅಪೌಷ್ಟಿಕತೆ, ಹೊರಗಿನ ಗಾಳಿ, ಇವೂ ಸೇರಿಯೇ ಮಗುವನ್ನು ಕಾಡುತ್ತವೆಂದು ನಾನು ಅದನ್ನು ಅರ್ಥಮಾಡಿಕೊಳ್ಳುತ್ತೇನೆ.

ಹೊರಗಿನ ಗಾಳಿಯ ಮಾತಿಗೆ ಬಂದರೆ, 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿದ್ದು, ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳೊಂದಿಗೆ ನಮ್ಮ ದಾವಣಗೆರೆಯೂ ಒಂದು. ಭಟ್ಟಿಯಲ್ಲಿ ದುಡಿಯುವವರ ಹೊಟ್ಟೆಪಾಡಿಗೆ ಕುತ್ತು ಬಾರದಂತೆ ಒಲೆಗಳನ್ನು ಸುಧಾರಿಸುವುದು ಪಾಲಿಕೆಯ ಮತ್ತು ಸರ್ಕಾರದ ಹೊಣೆ. ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವರು ಆ ಕಾರ್ಮಿಕರ ಮಕ್ಕಳೇ. ನಿಮ್ಮ ಕೈಯಲ್ಲಿರುವುದು ಇಷ್ಟು: ಭಟ್ಟಿ ಉರಿಯುವ ಹೊತ್ತಿನಲ್ಲಿ ಆ ಕಡೆಯ ಕಿಟಕಿ ಮುಚ್ಚಿ, ಉಳಿದ ಹೊತ್ತಿನಲ್ಲಿ ಮನೆಗೆ ಗಾಳಿಯಾಡಲು ಬಿಡಿ, ಮನೆಯೊಳಗೆ ಬೀಡಿ, ಸಿಗರೇಟು, ಸೊಳ್ಳೆಬತ್ತಿ ಬೇಡ. ಐದು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ ಆರೆಂಟು ಬಾರಿ ನೆಗಡಿಯಾಗುವುದು ಸಹಜವೆಂಬುದನ್ನೂ ನೆನಪಿಡಿ. ಮಗುವಿನ ತೂಕ ಏರುತ್ತಿದ್ದರೆ ಚಿಂತೆ ಬೇಡ, ಏರದಿದ್ದರೆ ತೋರಿಸಿ.

ಪ್ರಶ್ನೆ: 2025ರ ಜನವರಿಯಲ್ಲಿ ಬೆಂಗಳೂರಿನ ಕೂಸುಗಳಲ್ಲಿ ಎಚ್‌ಎಂಪಿವಿ ಬಂದಿದೆಯೆಂದು ಟಿವಿಯಲ್ಲಿ ದೊಡ್ಡ ಗದ್ದಲವಾಗಿತ್ತು. ಅದು ಹೊಸ ಕೊರೊನಾವೇ?
– ಚನ್ನಗಿರಿ

ಉತ್ತರ: ಅಲ್ಲ. ಅದನ್ನು 2001ರಲ್ಲಿಯೇ ನೆದರ್ಲೆಂಡ್ಸ್‌ನಲ್ಲಿ ಗುರುತಿಸಲಾಗಿದೆ. ಅದಕ್ಕೂ ಬಹಳ ಹಿಂದಿನಿಂದ ಅದು ಮನುಷ್ಯರ ನಡುವೆ ಇದೆ. ಆರ್‌ಎಸ್‌ವಿಯ ಹತ್ತಿರದ ಸಂಬಂಧಿ, ಲಕ್ಷಣಗಳೂ ಆರೈಕೆಯೂ ಅದರಂತೆಯೇ. ವೈರಸ್ಸಿನ ಹೆಸರು ತಿಳಿಯಲು ದುಬಾರಿ ಪರೀಕ್ಷೆ ಮಾಡಿಸುವುದರಿಂದ ಹೆಚ್ಚಿನ ಮಕ್ಕಳ ಚಿಕಿತ್ಸೆ ಬದಲಾಗುವುದಿಲ್ಲ.

ಪ್ರಶ್ನೆ: ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ಮನೆಯಲ್ಲಿದೆ. ಕೂಸಿನ ಬೆರಳಿಗೆ ಹಾಕಿ ನೋಡಬಹುದೇ? ನೆಬುಲೈಸರನ್ನೂ ಕೊಳ್ಳಬೇಕೆಂದಿದ್ದೇವೆ.
– ಹೊನ್ನಾಳಿ

ಉತ್ತರ: ದೊಡ್ಡವರ ಕ್ಲಿಪ್ಪು ಕೂಸಿನ ಬೆರಳಿಗೆ ಸರಿಯಾಗಿ ಕೂರುವುದಿಲ್ಲವಾದ್ದರಿಂದ ಅದು ತೋರಿಸುವ ಅಂಕಿಯನ್ನು ನಂಬಲಾಗದು. ಸುಳ್ಳು ಅಂಕಿ ಸುಳ್ಳು ಧೈರ್ಯ ಕೊಡುವುದು ಹೆಚ್ಚು ಅಪಾಯ. ಆಸ್ಪತ್ರೆಯಲ್ಲಿ ಕೂಸಿನ ಪಾದಕ್ಕೆ ಸುತ್ತುವ ಬೇರೆ ಪಟ್ಟಿ ಇರುತ್ತದೆ, ಅದರಲ್ಲಿ ರಕ್ತದ ಆಮ್ಲಜನಕ ಶೇ. 90ಕ್ಕಿಂತ ಕಡಿಮೆ ಬಂದರೆ ಆಮ್ಲಜನಕ ಕೊಡಲೇಬೇಕು. ನೆಬುಲೈಸರನ್ನು ವೈದ್ಯರು ಆಸ್ತಮಾ ಎಂದು ಗುರುತಿಸಿ ಹೇಳಿದ್ದರೆ ಮಾತ್ರ ಕೊಳ್ಳಿ.

ಪ್ರಶ್ನೆ: ನನಗೆ ಈಗ ಏಳನೆಯ ತಿಂಗಳು. ಮೊದಲ ಮಗು ಎರಡು ತಿಂಗಳಿದ್ದಾಗ ಆರ್‌ಎಸ್‌ವಿಯಿಂದ ಐಸಿಯುನಲ್ಲಿತ್ತು. ಹುಟ್ಟಲಿರುವ ಮಗುವನ್ನು ಕಾಪಾಡುವ ಲಸಿಕೆ ಇದೆಯೆಂದು ಕೇಳಿದ್ದೇನೆ. ನಿಜವೇ?
– ಹೊಸದುರ್ಗ

ಉತ್ತರ: ನಿಜ. ಅದರ ಹಿಂದೆ ಬಹು ದೀರ್ಘವಾದ, ನೋವಿನ ಕಥೆಯೂ ಇದೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಆರ್‌ಎಸ್‌ವಿ ಲಸಿಕೆಯನ್ನು ಕೂಸುಗಳ ಮೇಲೆ ಪ್ರಯೋಗಿಸಿದಾಗ, ಮುಂದೆ ಸೋಂಕು ತಗಲಿದ ಮಕ್ಕಳಲ್ಲಿ ಕಾಯಿಲೆ ಇನ್ನಷ್ಟು ತೀವ್ರವಾಗಿ, ಇಬ್ಬರು ತೀರಿಕೊಂಡರು. ಆ ಪೆಟ್ಟಿನಿಂದ ಸಂಶೋಧನೆ ದಶಕಗಳ ಕಾಲ ಹಿಂಜರಿಯಿತು. ಜೀವಕೋಶದೊಳಗೆ ನುಗ್ಗುವ ಮುನ್ನ ವೈರಸ್ಸಿನ ಹೊರಮೈಯ ಎಫ್ ಪ್ರೋಟೀನ್ ಯಾವ ಆಕಾರದಲ್ಲಿರುತ್ತದೆಂದು 2013ರಲ್ಲಿ ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ ಮತ್ತವರ ಸಂಗಡಿಗರು ತೋರಿಸಿದ ಮೇಲೆ ದಾರಿ ತೆರೆಯಿತು.

ಈಗ ಎರಡು ಉಪಾಯಗಳಿವೆ. ಒಂದು, ಗರ್ಭಿಣಿಗೆ ಕೊಡುವ ಲಸಿಕೆ. ತಾಯಿಯಲ್ಲಿ ಹುಟ್ಟಿದ ಪ್ರತಿಕಾಯಗಳು ಮಾಸುಚೀಲದ ಮೂಲಕ ಮಗುವನ್ನು ಸೇರಿ, ಅತಿ ಅಪಾಯದ ಮೊದಲ ತಿಂಗಳುಗಳಲ್ಲಿ ಕಾಯುತ್ತವೆ. ಇದಕ್ಕೆ 2023ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಪ್ರಯೋಗದಲ್ಲಿ ಅದು ಮೊದಲ ಮೂರು ತಿಂಗಳಲ್ಲಿ ತೀವ್ರ ಕಾಯಿಲೆಯನ್ನು ಸುಮಾರು ಶೇ. 82ರಷ್ಟು, ಆರು ತಿಂಗಳವರೆಗೆ ನೋಡಿದರೆ ಸುಮಾರು ಶೇ. 69ರಷ್ಟು ತಡೆಯಿತು. ಇನ್ನೊಂದು, ನಿರ್ಸೆವಿಮ್ಯಾಬ್ ಎಂಬ ಸಿದ್ಧ ಪ್ರತಿಕಾಯವನ್ನು ಹುಟ್ಟಿದ ಮಗುವಿಗೇ ಒಂದೇ ಇಂಜೆಕ್ಷನ್ನಾಗಿ ಕೊಡುವುದು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳೂ ಇವೆರಡರಲ್ಲಿ ಒಂದನ್ನಾದರೂ ಅಳವಡಿಸಿಕೊಳ್ಳಬೇಕೆಂದು ಶಿಫಾರಸು ಮಾಡಿತು. ನಮ್ಮ ಸರ್ಕಾರದ ಉಚಿತ ಲಸಿಕಾ ಪಟ್ಟಿಯಲ್ಲಿ ಇವು ಸೇರಿಲ್ಲ. ಸೇರಬೇಕು, ಅದೂ ಬೇಗ ಸೇರಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನಿಮ್ಮ ವಿಷಯದಲ್ಲಿ ಏನು ಸಾಧ್ಯವೆಂದು ನಿಮ್ಮ ಹೆರಿಗೆ ವೈದ್ಯರನ್ನು ಈ ತಿಂಗಳೇ ಕೇಳಿ. ಲಸಿಕೆ ಕೊಟ್ಟ ಮೇಲೆ ಪ್ರತಿಕಾಯಗಳು ಮಗುವನ್ನು ತಲುಪಲು ಎರಡು ವಾರವಾದರೂ ಬೇಕಾಗುತ್ತದೆ.

ಸಿಕ್ಕರೂ ಸಿಗದಿದ್ದರೂ ಮಾಡಲೇಬೇಕಾದವು ಬೇರೆ ಇವೆ. ಮೊದಲ ಗಂಟೆಯಿಂದಲೇ ಎದೆಹಾಲು ಕೊಡಿ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಪೆಂಟಾವೇಲೆಂಟ್, ಆರು ಮತ್ತು ಹದಿನಾಲ್ಕು ವಾರ ಹಾಗೂ ಒಂಬತ್ತು ತಿಂಗಳಿಗೆ ಪಿಸಿವಿ ಎಂಬ ನ್ಯುಮೋನಿಯಾ ತಡೆಯುವ ಲಸಿಕೆ, ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ, ಇವು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತವೆ, ಒಂದನ್ನೂ ತಪ್ಪಿಸಬೇಡಿ. ವೈರಸ್ಸಿನ ಬೆನ್ನಿಗೆ ಬರುವ ಬ್ಯಾಕ್ಟೀರಿಯಾದ ನ್ಯುಮೋನಿಯಾವನ್ನು ಇವು ತಡೆಯುತ್ತವೆ. ಇನ್ನೊಂದು ಮಾತು. ಕೂಸಿಗೆ ಆರ್‌ಎಸ್‌ವಿ ಬಹಳಷ್ಟು ಸಲ ತಲುಪುವುದು ಅಂಗನವಾಡಿಗೆ ಹೋಗುವ ಅಕ್ಕ ಅಣ್ಣಂದಿರಿಂದಲೇ. ದೊಡ್ಡ ಮಗುವಿಗೆ ನೆಗಡಿಯಾದಾಗ ತಮ್ಮನಿಗೋ ತಂಗಿಗೋ ಮುತ್ತಿಕ್ಕಲು ಬಿಡಬೇಡಿ, ಕೈ ತೊಳೆಸಿ. ತೊಟ್ಟಿಲ ಕಾರ್ಯಕ್ಕೆ ಬಂದವರು ಮುನಿಸಿಕೊಂಡರೂ ಚಿಂತೆಯಿಲ್ಲ, ಕೆಮ್ಮುವವರ ಕೈಗೆ ಕೂಸನ್ನು ಕೊಡಬೇಡಿ.

ಪ್ರಶ್ನೆ: ಅಮೆರಿಕದಲ್ಲಿಯೂ ಇದೇ ವೈರಸ್, ಇಲ್ಲಿಯೂ ಇದೇ ವೈರಸ್. ಸಾಯುವ ಮಕ್ಕಳು ಮಾತ್ರ ಬಡ ದೇಶಗಳಲ್ಲಿಯೇ ಹೆಚ್ಚು ಏಕೆ?
– ನರ್ಸಿಂಗ್ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: 2019ನೆಯ ವರ್ಷಕ್ಕೆ ಮಾಡಿದ ಜಾಗತಿಕ ಅಂದಾಜಿನ ಪ್ರಕಾರ ಆರ್‌ಎಸ್‌ವಿಯಿಂದ ಐದು ವರ್ಷದೊಳಗಿನ ಸುಮಾರು 3.3 ಕೋಟಿ ಮಕ್ಕಳಲ್ಲಿ ಶ್ವಾಸಕೋಶದ ಸೋಂಕು ಉಂಟಾಯಿತು, ಸುಮಾರು 36 ಲಕ್ಷ ಮಕ್ಕಳು ಆಸ್ಪತ್ರೆ ಸೇರಿದರು, ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಆ ಸಾವುಗಳಲ್ಲಿ ಶೇ. 97ಕ್ಕೂ ಹೆಚ್ಚು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆದವು. ಬಾಂಗ್ಲಾದೇಶ, ಥಾಯ್ಲೆಂಡ್ ಮತ್ತು ಆಫ್ರಿಕಾದ ಐದು ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪರ್ಚ್ ಅಧ್ಯಯನವು, ಆಸ್ಪತ್ರೆಗೆ ಬಂದ ತೀವ್ರ ನ್ಯುಮೋನಿಯಾದಲ್ಲಿ ಶೇ. 61ರಷ್ಟಕ್ಕೆ ವೈರಸ್‌ಗಳೇ ಕಾರಣ, ಆರ್‌ಎಸ್‌ವಿಯೊಂದರ ಪಾಲೇ ಶೇ. 31 ಎಂದು ತೋರಿಸಿತು.

ವೈರಸ್ ಒಂದೇ, ಆದರೆ ಅದು ತಗಲುವ ಮಗು ಬೇರೆ, ಮಗು ಮಲಗುವ ಮನೆ ಬೇರೆ, ಮನೆಯಿಂದ ಆಸ್ಪತ್ರೆಗಿರುವ ದೂರ ಬೇರೆ. ಕಡಿಮೆ ತೂಕದಲ್ಲಿ ಹುಟ್ಟಿದ, ಅಪೌಷ್ಟಿಕತೆಯಿಂದ ಸೊರಗಿದ ಕೂಸಿಗೆ ಐದು ದಿನ ಏದುಸಿರು ಬಿಡುವ ಶಕ್ತಿ ಇರುವುದಿಲ್ಲ. ಜಾಂಬಿಯಾ ದೇಶದ ಲುಸಾಕಾದಲ್ಲಿ ಶವಾಗಾರಕ್ಕೆ ಬಂದ ಕೂಸುಗಳನ್ನು ಪರೀಕ್ಷಿಸಿದಾಗ, ಆರ್‌ಎಸ್‌ವಿ ಇದ್ದು ಸತ್ತ ಮಕ್ಕಳಲ್ಲಿ ಮೂರನೆಯ ಎರಡು ಭಾಗಕ್ಕೂ ಹೆಚ್ಚು ಆಸ್ಪತ್ರೆಯ ಹೊರಗೇ ಸತ್ತಿದ್ದವೆಂದು ಕಂಡುಬಂತು. ಆಸ್ಪತ್ರೆಯ ದಾಖಲೆಗಳನ್ನಷ್ಟೇ ನೋಡುವವರ ಕಣ್ಣಿಗೆ ಆ ಮಕ್ಕಳು ಬೀಳುವುದೇ ಇಲ್ಲ.

ಆಸ್ಪತ್ರೆ ಮುಟ್ಟಿದ ಮೇಲೂ ಆಮ್ಲಜನಕ ಎಲ್ಲೆಡೆ ಇರುವುದಿಲ್ಲ. ಢಾಕಾದ ಡಾ. ಮೊಹಮ್ಮದ್ ಜೋಬಾಯರ್ ಚಿಸ್ತಿ ಅವರು ಶಾಂಪೂ ಬಾಟಲಿಯಲ್ಲಿ ನೀರು ತುಂಬಿ, ಉಸಿರು ಬಿಡುವ ನಳಿಕೆಯ ತುದಿಯನ್ನು ಅದರೊಳಗೆ ಮುಳುಗಿಸಿ, ಶ್ವಾಸಕೋಶ ಕುಸಿಯದಂತೆ ಸಣ್ಣ ಒತ್ತಡ ಕೊಡುವ ಉಪಕರಣವನ್ನು ಅತಿ ಕಡಿಮೆ ಖರ್ಚಿನಲ್ಲಿ ಮಾಡಿದರು. ಸಾಮಾನ್ಯ ಆಕ್ಸಿಜನ್ ಪಡೆದವರಿಗಿಂತ ಅದನ್ನು ಪಡೆದ ನ್ಯುಮೋನಿಯಾ ಮಕ್ಕಳಲ್ಲಿ ಸಾವು ಕಡಿಮೆಯಾಯಿತೆಂದು 2015ರಲ್ಲಿ ಅವರು ಪ್ರಕಟಿಸಿದರು. ನೀವು ನಾಳೆ ಯಾವ ತಾಲ್ಲೂಕಿನ ವಾರ್ಡಿಗೇ ಹೋಗಿ ಸೇರಿದರೂ, ಸಿಲಿಂಡರ್ ತುಂಬಿದೆಯೇ, ಕೂಸಿನ ಅಳತೆಯ ನಳಿಕೆ ಇದೆಯೇ ಎಂದು ಡ್ಯೂಟಿಯ ಆರಂಭದಲ್ಲಿಯೇ ನೋಡಿಕೊಳ್ಳುವ ನರ್ಸ್ ಆಗಿ.

ಪ್ರಶ್ನೆ: ನಮ್ಮ ಹಳ್ಳಿಯಿಂದ ದೊಡ್ಡ ಆಸ್ಪತ್ರೆ ಬಹಳ ದೂರ. ರಾತ್ರಿ ಹೊತ್ತು ಮಗುವಿಗೆ ಉಸಿರು ಕಟ್ಟಿದಂತಾದರೆ ಬೆಳಗಿನ ಬಸ್ಸಿನವರೆಗೆ ಕಾಯಬಹುದೇ? ದಾರಿಯಲ್ಲಿ ಏನು ಮಾಡಬೇಕು?
– ಮೊಳಕಾಲ್ಮೂರು ತಾಲ್ಲೂಕು

ಉತ್ತರ: ಕಾಯಬೇಡಿ. 108ಕ್ಕೆ ಕರೆ ಮಾಡಿ, ಅದು ಉಚಿತ. ಕರೆ ಮಾಡುವಾಗಲೇ ಕೂಸಿನ ವಯಸ್ಸು ಹೇಳಿ, ಆಕ್ಸಿಜನ್ ಬೇಕಾಗುತ್ತದೆ ಎಂದು ಹೇಳಿ. ಒಂದು ವರ್ಷದೊಳಗಿನ ಮಗುವಿಗೆ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ ಮತ್ತು ಸಾಗಣೆ ಎರಡೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಉಚಿತವಾಗಿರುವುದರಿಂದ ದುಡ್ಡು ಹೊಂದಿಸಲೆಂದು ತಡಮಾಡುವ ಅಗತ್ಯವಿಲ್ಲ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಆಕ್ಸಿಜನ್ ಇದ್ದರೆ ಮೊದಲು ಅಲ್ಲಿ ನಿಲ್ಲಿಸಿ, ಅದನ್ನು ಆರಂಭಿಸಿಕೊಂಡೇ ಚಿತ್ರದುರ್ಗಕ್ಕೆ ಹೊರಡಿ.

ದಾರಿಯಲ್ಲಿ ಮಗುವನ್ನು ತಾಯಿಯ ಎದೆಗೆ ಒರಗಿಸಿ, ತಲೆ ಸ್ವಲ್ಪ ಮೇಲಿರುವಂತೆ, ಕುತ್ತಿಗೆ ಮುಂದಕ್ಕೆ ಬಾಗಿ ಉಸಿರು ಕಟ್ಟದಂತೆ ಹಿಡಿದುಕೊಳ್ಳಿ. ಬೆಚ್ಚಗೆ ಹೊದಿಸಿ, ಆದರೆ ಮುಖ ಮುಚ್ಚಬೇಡಿ. ಮಗು ತಾನಾಗಿ ಚೀಪಿದರೆ ಎದೆಹಾಲು ಕೊಡಿ. ಏದುಸಿರು ಬಿಡುವ ಅಥವಾ ಮಂಪರಿನಲ್ಲಿರುವ ಮಗುವಿನ ಬಾಯಿಗೆ ಹಾಲನ್ನಾಗಲಿ ಔಷಧಿಯನ್ನಾಗಲಿ ಒತ್ತಾಯದಿಂದ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಾಯಿ ಕಾರ್ಡನ್ನೂ, ಅಲ್ಲಿಯವರೆಗೆ ಕೊಟ್ಟ ಎಲ್ಲ ಔಷಧಿಗಳ ಬಾಟಲಿಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಮಗು ಕೊನೆಯದಾಗಿ ಹಾಲು ಕುಡಿದದ್ದು ಯಾವಾಗ, ಮೂತ್ರ ಮಾಡಿದ್ದು ಯಾವಾಗ ಎಂಬುದನ್ನು ನೆನಪಿಟ್ಟುಕೊಂಡು ಬಂದರೆ, ಡ್ಯೂಟಿಯಲ್ಲಿರುವ ವೈದ್ಯರು ಕೇಳುವ ಮೊದಲ ಪ್ರಶ್ನೆಗಳಿಗೆ ನಿಮ್ಮಲ್ಲಿ ಉತ್ತರ ಸಿದ್ಧವಿರುತ್ತದೆ.